ಕಾಯುವ ಕೆಲಸ

“ತಾಳಿದವನು ಬಾಳಿಯಾನು” ಎಂಬ ಗಾದೆಯನ್ನು ನಾನು ಮೊದಲು ಕೇಳಿದ್ದು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ, ಮನೆಯ ಹಿರಿಯರಿಂದ. ಅನಂತರ ಅದನ್ನು ಶಾಲೆಯ ಮಾಸ್ತರರ ಬಾಯಿಂದಲೂ, ಕೂಲಿಯ ಬಾಕಿ ಉಳಿಸಿಕೊಂಡ ಧಣಿಗಳ ಬಾಯಿಂದಲೂ, ಒಂದು ಸಹಿ ಹಾಕಿದರೆ ತೀರಬಹುದಾದ ಕೆಲಸವನ್ನು ವರ್ಷಗಟ್ಟಲೆ ಎಳೆಯುವ ಅಧಿಕಾರಿಗಳ ಬಾಯಿಂದಲೂ ಎಷ್ಟು ಸಲ ಕೇಳಿದೆನೆಂದರೆ, ತಾಳ್ಮೆಯೆಂಬ ಸದ್ಗುಣದ ವಿಷಯದಲ್ಲಿಯೇ ತಾರುಣ್ಯದಲ್ಲಿ ನನಗೆ ಒಂದು ಬಗೆಯ ಸಂಶಯವುಂಟಾಗಿದ್ದಿತು. ಪರರಿಗೆ ತಾಳ್ಮೆಯನ್ನು ಬೋಧಿಸುವವರಲ್ಲಿ ಬಹುಪಾಲು ಜನರು ಆ ಪರರಿಗೆ ಏನನ್ನೋ ಕೊಡಬೇಕಾದವರೇ ಆಗಿರುತ್ತಾರೆಂಬುದು ನನ್ನ ಅಂದಿನ ಅಭಿಪ್ರಾಯ. ಇಂದಿಗೂ ನಾನದನ್ನು ಪೂರ್ಣವಾಗಿ ಬಿಟ್ಟುಕೊಟ್ಟಿಲ್ಲ. ಆದಾಗ್ಯೂ ಒಂದು ಸಂಘವನ್ನಾಗಲಿ, ಶಾಲೆಯನ್ನಾಗಲಿ, ಊರನ್ನಾಗಲಿ ಮುನ್ನಡೆಸುವವನಿಗೆ ತಾಳ್ಮೆಯಿಲ್ಲದೆ ಗತ್ಯಂತರವಿಲ್ಲವೆಂಬುದನ್ನೂ ಬದುಕು ನನಗೆ ಕಲಿಸಿತು. ಈ ಎರಡು ಮಾತುಗಳೂ ಒಟ್ಟಿಗೆ ಸತ್ಯವಾಗಿರುವುದು ಹೇಗೆಂಬುದನ್ನು ಶಾಸ್ತ್ರದ ಬಲದಿಂದಲ್ಲ, ಕಂಡುದರ ಬಲದಿಂದ ಹೇಳಲು ಯತ್ನಿಸುತ್ತೇನೆ.

ನಮ್ಮ ಸೀಮೆಯ ಎರೆಹೊಲವನ್ನು ಮಳೆಗಾಲದಲ್ಲಿ ದಾರಿಹೋಕನು ನೋಡಿದರೆ ಅದು ಬೀಳುಬಿದ್ದಿದೆಯೆಂದೇ ಭಾವಿಸಿಯಾನು. ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಉತ್ತರಿ, ಹಸ್ತ ಮಳೆಗಳ ಸುಮಾರಿಗೆ. ಅಲ್ಲಿಯವರೆಗೆ ಆ ಹೊಲದಲ್ಲಿ ಹಸುರಿನ ಹೆಸರಿಲ್ಲ. ಆದರೆ ಒಕ್ಕಲಿಗನು ಆ ತಿಂಗಳುಗಳಲ್ಲಿ ಸುಮ್ಮನೆ ಕುಳಿತಿರುವವನಲ್ಲ. ಒಂದೊಂದು ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗಲೆಲ್ಲ ಕುಂಟೆ ಹೊಡೆದು, ಕಳೆ ತೆಗೆದು, ಒಡ್ಡು ಸರಿಪಡಿಸಿ, ಬಿದ್ದ ನೀರು ಹರಿದುಹೋಗದಂತೆಯೂ ಇಂಗಿದ ತೇವ ಆರದಂತೆಯೂ ನೋಡಿಕೊಳ್ಳುತ್ತಾನೆ. ಕೂರಿಗೆ ಹೂಡಿದ ಮೇಲೆ ಮಳೆ ಕೈಕೊಟ್ಟರೂ ಆ ಒಳತೇವದ ಬಲದಿಂದಲೇ ಜೋಳ ತೆನೆ ಹಿರಿಯುತ್ತದೆ. ಮುಂದೆ ನಾನು ಕಂಡ ನಾಯಕರಲ್ಲಿ ಯಾರದು ನಿಜವಾದ ತಾಳ್ಮೆ, ಯಾರದು ಕೇವಲ ಆಲಸ್ಯ ಎಂಬುದನ್ನು ತಿಳಿಯಲು, ಬಿತ್ತದಿರುವ ಆ ತಿಂಗಳುಗಳಲ್ಲಿ ಇವರ ಕುಂಟೆ ನಡೆದಿತ್ತೇ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಮೆಟ್ರಿಕ್ ಮುಗಿಸಿ ಮಾಸ್ತರಿಕೆ ದೊರೆಯುವುದಕ್ಕೆ ಮುನ್ನ ನಾನು ನಮ್ಮ ಭಾಗದ ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆನು. ಜನರ ಬಾಯಲ್ಲಿ ಅದು ಬರಿಯ ‘ಸೊಸಾಯಿಟಿ’. ಈ ಸಂಘಗಳ ಹುಟ್ಟೂರು ನಮಗೆ ದೂರದ್ದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದ ಮರುವರ್ಷವೇ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ನೆರೆಯವನು ಸಾಲ ತೀರಿಸದಿದ್ದರೆ ನನ್ನ ಹೊಲಮನೆಗಳೂ ಅದಕ್ಕೆ ಬಾಧ್ಯವಾಗುತ್ತಿದ್ದುವು. ಇಂದಿನವರಿಗೆ ಇದು ಭಯಂಕರವಾಗಿ ತೋರಬಹುದು. ಆದರೆ ಅಡವಿಡಲು ಬಂಗಾರವಿಲ್ಲದ, ಅಕ್ಷರವೂ ಇಲ್ಲದ ಒಕ್ಕಲಿಗನಿಗೆ ಪತ್ತು ಹುಟ್ಟಿದ್ದು ಆ ಪರಸ್ಪರ ಭಯದಿಂದಲೇ. ನೆರೆಯವನ ಬೆಳೆ ಹೇಗಿದೆ, ಅವನ ಮನೆಯಲ್ಲಿ ಲಗ್ನವಿದೆಯೋ ಜಡ್ಡಿದೆಯೋ ಎಂಬುದನ್ನು ತಿಳಿದು, ಅವನ ಸುಗ್ಗಿಯವರೆಗೆ ಕಾಯಬಲ್ಲವರು ಮಾತ್ರ ಅಂಥ ಸಂಘವನ್ನು ನಡೆಸಬಲ್ಲವರಾಗಿದ್ದರು.

ನಮ್ಮ ಸಂಘದ ಚೇರಮನ್ನರು ಅಂಥವರಲ್ಲೊಬ್ಬರು. ಓದಿದ್ದು ನಾಲ್ಕನೆಯ ಇಯತ್ತೆ. ತಲೆಗೆ ಪಟಕಾ, ಹೆಗಲಿಗೆ ಒಂದು ಟವೆಲ್ಲು, ಮಾತು ಬಹಳ ಕಡಿಮೆ. 1972ರ ಬರಗಾಲದಲ್ಲಿ ಸುಸ್ತಿ ಸಾಲದ ಮೊತ್ತವು ಬೆಳೆಯುತ್ತಲೇ ಹೋಗಿ, ಮೇಲಿನವರಿಂದ ವಸೂಲಿಗೆ ಕಟ್ಟುನಿಟ್ಟಿನ ಪತ್ರ ಬಂದಾಗ, ಒಂದು ಸಂಜೆ ಕಮಿಟಿ ಕೂಡಿತು. ಕಂದೀಲಿನ ಬೆಳಕಿನಲ್ಲಿ ಠರಾವಿನ ಪುಸ್ತಕ ಬಿಚ್ಚಿಕೊಂಡು ನಾನು ಮೂಲೆಯಲ್ಲಿ ಕುಳಿತಿದ್ದೆನು. ತರುಣ ಸದಸ್ಯರೊಬ್ಬರು ಆವೇಶದಿಂದ, “ಯಾರದರೆ ಒಬ್ಬರ ಮನಿ ಮುಂದ ಡಂಗುರಾ ಸಾರಿಸಿ ಎತ್ತು ಹೊಡಕೊಂಡ ಬರೂಣ್ರಿ. ಉಳಿದಾವ್ರು ತಾವಾಗೇ ತಂದ ಕಟ್ತಾರ,” ಎಂದರು. ಹಲವರು ತಲೆದೂಗಿದರು. ಚೇರಮನ್ನರು ಎಲೆಗೆ ಸುಣ್ಣ ಹಚ್ಚುತ್ತಲಿದ್ದವರು ತಲೆಯೆತ್ತದೆಯೆ ಕೇಳಿದ್ದು ಇಷ್ಟೆ: “ಆತು. ಯಾರ ಮನಿ ಮುಂದ?”

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆಗ ಅವರು ನನ್ನ ಕಡೆ ತಿರುಗಿ, “ತಮ್ಮಾ, ಸುಸ್ತಿದಾರರ ಯಾದಿ ಓದು. ಒಂದ ಹೆಸರೂ ಬಿಡಬ್ಯಾಡ,” ಎಂದರು. ಹೆಸರು, ಎಕರೆ, ಮೊಬಲಗು, ಸಾಲ ತೆಗೆದ ವರ್ಷ, ಇಷ್ಟನ್ನು ನಾನು ಓದುವುದು, ಆ ಮನುಷ್ಯನು ಏಕೆ ಕಟ್ಟಿಲ್ಲವೆಂಬುದನ್ನು ಕುಳಿತವರೇ ಹೇಳುವುದು, ಚೇರಮನ್ನರು ಹ್ಞೂಂಗುಟ್ಟುವುದು. ಹೀಗೆ ಸರಿರಾತ್ರಿಯವರೆಗೂ ನಡೆಯಿತು. ಬಾವಿ ಬತ್ತಿದವನು, ಎತ್ತನ್ನು ಮಾರಿ ಕಾಳು ತಂದವನು, ಹೆಂಡಿರು ಮಕ್ಕಳೊಡನೆ ಬರಗಾಲದ ಕಾಮಗಾರಿಯಲ್ಲಿ ಕಡಿ ಒಡೆಯಲು ಹೋದವನು, ಇಂಥವರ ಹೆಸರುಗಳು ಬಂದಾಗ ಕೋಣೆಯಲ್ಲಿದ್ದ ಆವೇಶವು ತಾನಾಗಿಯೇ ತಗ್ಗಿತು. ಬಳಿಕ ನೀರಾವರಿಯುಳ್ಳ, ಬರದಲ್ಲಿಯೂ ಹಗೇವು ತುಂಬಿದ್ದ ಕೆಲವು ದೊಡ್ಡ ಮನೆತನಗಳ ಹೆಸರುಗಳು ಬಂದುವು. ಮೊತ್ತದಲ್ಲಿ ದೊಡ್ಡವೂ ಅವರವೇ. ಆಗ ಕುಳಿತವರಲ್ಲಿ ಕೆಲವರು ಕೆಮ್ಮಿದರು, ಕೆಲವರು ನೀರು ಕುಡಿಯಲು ಎದ್ದರು. ಯಾದಿಯ ಓದು ಮುಗಿಯುವ ಹೊತ್ತಿಗೆ ಕಟ್ಟಲಾರದವರು ಯಾರು, ಕಟ್ಟಲೊಲ್ಲದವರು ಯಾರು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಮರುದಿನ ನಸುಕಿನಲ್ಲಿ ಚೇರಮನ್ನರು ನನ್ನನ್ನು ಕರೆದುಕೊಂಡು ವಸೂಲಿಗೆ ಹೊರಟದ್ದು ತಮ್ಮ ಸ್ವಂತ ಅಣ್ಣನ ಮನೆಗೆ. ಕಟ್ಟೆಯ ಮೇಲೆ ಕುಳಿತು ಕೊಟ್ಟ ಚಹಾ ಕುಡಿದು, “ಅಣ್ಣಾ, ಯಾದಿ ನಿನ್ನಿಂದನ ಸುರು ಮಾಡೇನಿ,” ಎಂದರು. ಅಣ್ಣನಿಗೆ ಕೋಪ ಬಂದಿತು, ಮಾತು ಬೆಳೆಯಿತು, ಇವರು ಏಳಲಿಲ್ಲ. ಆ ಮನೆಯಿಂದ ಹಣ ಬಂದಿತೆಂಬ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಉಳಿದ ದೊಡ್ಡ ಮನೆಗಳಲ್ಲಿ ಅವರು ಬಹಳ ಹೊತ್ತು ಕುಳಿತುಕೊಳ್ಳಬೇಕಾಗಲಿಲ್ಲ. ಬಡವರ ವಿಷಯದಲ್ಲಿ ಅವರು ಹಿಡಿದದ್ದು ಬೇರೆ ಹಾದಿ. ಬೆಳೆಯ ಆಣೇವಾರಿ ತೀರ ಕೆಳಗಿಳಿದ ವರ್ಷ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಗೆ ಬದಲಿಸಿಕೊಡಲು ಅವಕಾಶವುಂಟು. ಆದರೆ ಅದಕ್ಕೆ ಬೇಕಾದ ದಾಖಲೆಗಳನ್ನು ಜೋಡಿಸಿ, ಮೇಲಿನ ಕಚೇರಿಗಳಲ್ಲಿ ಬೆನ್ನು ಹತ್ತಿ ಮಂಜೂರಾತಿ ತರುವವರು ವಿರಳ. ಚೇರಮನ್ನರು ಕೈಚೀಲದಲ್ಲಿ ಬುತ್ತಿ ಕಟ್ಟಿಕೊಂಡು ಆ ಕೆಲಸಕ್ಕಾಗಿ ಎಷ್ಟೋ ಸಲ ಬೆಳಗಾವಿಗೆ ಹೋಗಿ ಬಂದರು. ಸುಸ್ತಿಯ ಬಹುಭಾಗವು ಮುಂದಿನ ಕೆಲವು ಸುಗ್ಗಿಗಳಲ್ಲಿ ತಿರುಗಿ ಬಂದಿತು. ಕೆಲವು ಬರಲೇ ಇಲ್ಲ. ಅವರ ತಾಳ್ಮೆಗೆ ಒಂದು ದಿಕ್ಕಿದ್ದಿತೆಂಬುದನ್ನು ನಾನು ಗಮನಿಸಿದ್ದು ಆಗಲೇ: ಇಲ್ಲದವರ ಎದುರಿನಲ್ಲಿ ಅದು ಕಡಲಿನಷ್ಟು, ಉಳ್ಳವರ ಎದುರಿನಲ್ಲಿ ಒಂದು ಬಟ್ಟಲು ಚಹಾದಷ್ಟು. ಲೋಕದಲ್ಲಿ ಸಾಮಾನ್ಯವಾಗಿ ಇದರ ವಿಪರೀತವೇ ನಡೆಯುತ್ತದೆ.

ಅದೇ ಸಂಘದಲ್ಲಿ ಕಲಿತ ಇನ್ನೊಂದು ಸಂಗತಿಯಿದೆ. ಹೇಳಿದರೆ ಅದು ಚಿಕ್ಕದಾಗಿ ಕಾಣುತ್ತದೆ. ದಿನದ ಕೀರ್ದಿಯನ್ನು ತಾಳೆ ಹಾಕಿ, ಜಮಾ ಖರ್ಚು ಹೊಂದಿದ ಮೇಲೆಯೇ ಕಚೇರಿಗೆ ಬೀಗ. ಒಂದು ಸಂಜೆ ಹತ್ತು ಪೈಸೆ ಹೊಂದಲಿಲ್ಲ. ಅದನ್ನು ಜೇಬಿನಿಂದ ಹಾಕಿ ಮನೆಗೆ ಹೋಗಬಾರದೇಕೆ ಎಂದು ಯಾರಿಗಾದರೂ ತೋರುವಂಥದೇ. ಹಿರಿಯ ಗುಮಾಸ್ತರು ಒಪ್ಪಲಿಲ್ಲ. ಹತ್ತು ಪೈಸೆಯ ಅಂತರವೆಂಬುದು ಒಂದು ಕಡೆ ಐವತ್ತು ರೂಪಾಯಿ ಹೆಚ್ಚಾಗಿ, ಇನ್ನೊಂದು ಕಡೆ ನಾಲ್ವತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ ಹೆಚ್ಚಾಗಿ, ಎರಡೂ ತಪ್ಪುಗಳು ಒಂದನ್ನೊಂದು ಮರೆಸಿದ್ದರ ಶೇಷವೂ ಆಗಿರಬಹುದೆಂದು ಅವರು ತಿಳಿಸಿ, ಬೆಳಗಿನ ಮೊದಲ ಪಾವತಿಯಿಂದ ಮತ್ತೆ ಕೂಡಿಸಹಚ್ಚಿದರು. ಮುಂದೆ ಮುಖ್ಯಾಧ್ಯಾಪಕನಾದ ಮೇಲೆ, ಇಬ್ಬರು ಶಿಕ್ಷಕರ ನಡುವಿನ ಕ್ಷುಲ್ಲಕ ಜಗಳವು ನನ್ನ ಮುಂದೆ ಬಂದಾಗಲೆಲ್ಲ, ಅದನ್ನು ಒಂದು ನಗೆಯಿಂದ ಹಾರಿಸಿಬಿಡುವ ಮೊದಲು, ಈ ಹತ್ತು ಪೈಸೆಯ ಹಿಂದೆ ಏನೇನು ಮರೆಯಾಗಿದೆಯೋ ಎಂದು ಮೊದಲಿನಿಂದ ಕೇಳಿಸಿಕೊಳ್ಳುವ ಅಭ್ಯಾಸವು ಅಲ್ಲಿಂದ ಬಂದದ್ದು. ಸ್ವಭಾವತಃ ನಾನು ಮುಂಗೋಪಿ. ನನ್ನನ್ನು ಬಲ್ಲವರು ಇದನ್ನು ಮೇಲಿನ ವಾಕ್ಯ ಓದುವಾಗ ನೆನೆದು ನಕ್ಕಾರು. ಸ್ವಭಾವವು ಬದಲಾಗಲಿಲ್ಲ, ಅದರ ಮೇಲೆ ಒಂದು ರೂಢಿಯು ಬೆಳೆಯಿತು, ಅಷ್ಟೇ.

ತಾಳ್ಮೆಗೆಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಚೇರಮನ್ನರು ಪುಸ್ತಕದಿಂದ ತಿಳಿದವರಲ್ಲ. ಅವರ ತಾರುಣ್ಯದಲ್ಲಿ ರಾಮದುರ್ಗವು ಭಾವೆ ಮನೆತನದ ಆಳ್ವಿಕೆಯಲ್ಲಿದ್ದ ಒಂದು ಚಿಕ್ಕ ಸಂಸ್ಥಾನ. ಅಲ್ಲಿ ಪ್ರಜಾಸಂಘವು ಜನರ ಹಕ್ಕುಗಳಿಗಾಗಿ ಹೋರಾಟಕ್ಕಿಳಿದಿದ್ದಿತು. 1939ರ ಏಪ್ರಿಲ್ ತಿಂಗಳಲ್ಲಿ ಸಂಘದ ಮುಖಂಡರು ಬಂಧಿತರಾದಾಗ, ಸುತ್ತಣ ಹಳ್ಳಿಗಳಿಂದ ನುಗ್ಗಿ ಬಂದ ಜನಸ್ತೋಮವು ಸೆರೆಮನೆಯ ಮೇಲೆ ಬಿದ್ದಿತು, ಪೊಲೀಸರು ಹತರಾದರು, ಆಮೇಲೆ ಎಷ್ಟೋ ಮನೆಗಳ ಮೇಲೆ ಕಠಿನ ಶಿಕ್ಷೆಯ ನೆರಳು ಬಿದ್ದಿತು. ಗಾಂಧೀಜಿಯವರಿಗೂ ಈ ಘಟನೆಯಿಂದ ಬಹಳ ನೋವಾಯಿತು. ಒಂಬತ್ತು ವರ್ಷಗಳ ತರುವಾಯ, 1948ರಲ್ಲಿ, ಆ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಹೋಯಿತು.

ಒಂಬತ್ತೇ ವರ್ಷ ತಾಳಿದ್ದರೆ ಎಂದು ಈಗ ಹೇಳುವುದು ಸುಲಭ. ಆ ಗುಂಪಿನಲ್ಲಿದ್ದ ಒಬ್ಬನಿಗಾದರೂ 1948 ಎಂಬುದೊಂದು ಬರುತ್ತದೆಂದು ತಿಳಿದಿತ್ತೇನು? ಅದೂ ಅಲ್ಲದೆ, ಜನರನ್ನು ತಡೆಯಬಲ್ಲ ಮಾತುಳ್ಳವರನ್ನೆಲ್ಲ ಒಳಗೆ ಹಾಕಿ, ಹೊರಗುಳಿದವರಿಂದ ಸಂಯಮವನ್ನು ಬಯಸುವ ಆಡಳಿತದ ಜಾಣತನವನ್ನು ನಾನು ಎಂದೂ ಮೆಚ್ಚಲಾರೆನು. ನಮ್ಮ ಚೇರಮನ್ನರು ಈ ದುರಂತದಿಂದ ತೆಗೆದ ನಿಷ್ಕರ್ಷೆಯೇ ಬೇರೆಯಾಗಿತ್ತು. ಸಂಘದ ಯಾವ ಸಂಗತಿಯನ್ನೂ ಅವರು ತಮ್ಮೊಬ್ಬರಲ್ಲಿಯೇ ಇಟ್ಟುಕೊಳ್ಳುತ್ತಿರಲಿಲ್ಲ. ಹುರುಪಿನ ಇಬ್ಬರು ತರುಣರನ್ನು, ಅದರಲ್ಲಿಯೂ ತಮ್ಮನ್ನು ವಿರೋಧಿಸುವವರನ್ನೇ ಆರಿಸಿ, ಪ್ರತಿಯೊಂದು ಓಡಾಟಕ್ಕೂ ಜೊತೆಗೆ ಕರೆದೊಯ್ಯುತ್ತಿದ್ದರು. ಎತ್ತಿನ ಜಪ್ತಿಯ ಮಾತೆತ್ತಿದ ಆ ತರುಣರೇ ಮುಂದೆ ಸಂಘದ ಚೇರಮನ್ನರಾದರು. ತಾಳ್ಮೆಯು ನಾಯಕನೊಬ್ಬನ ಎದೆಯಲ್ಲಿದ್ದು ಬೇರೆಲ್ಲಿಯೂ ಇಲ್ಲದಿದ್ದರೆ, ಅವನು ಕಣ್ಮರೆಯಾದ ದಿನವೇ ಅದೂ ಮುಗಿಯುತ್ತದೆ.

ನಮ್ಮ ನೆರೆಯ ಸವದತ್ತಿ ತಾಲ್ಲೂಕಿನ ಶಿರಸಂಗಿಯನ್ನು ನೆನೆದಾಗ ನನಗೆ ಇದು ಮತ್ತೊಂದು ಬಗೆಯಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿಯ ದೇಸಗತಿಯ ಒಡೆಯರಾದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಆಗ ಅವರಿಗೆ ನಾಲ್ವತ್ತೈದು ವರ್ಷ. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಆರಂಭಿಸಿದ್ದು 1916ರಲ್ಲಿ. ಲಿಂಗರಾಜರ ಹೆಸರಿನ ಕಾಲೇಜು ಎದ್ದುದು 1933ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಈ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ ಡೆಪ್ಯುಟಿ ಚನ್ನಬಸಪ್ಪನವರು 1881ರಲ್ಲಿಯೇ ತೀರಿಹೋದರು. ಆ ಶಾಲೆಗಳು ನೆಲೆಯೂರಿದ ನಾಡು ಏಕೀಕರಣಗೊಂಡದ್ದು 1956ರಲ್ಲಿ. ಫಲವನ್ನು ತಾನು ಕಾಣಲಾರೆನೆಂದು ತಿಳಿದೂ ಮಾಡುವ ಕೆಲಸದಲ್ಲಿ ತಾಳ್ಮೆಯೆಂಬುದು ಒಂದು ಪ್ರತ್ಯೇಕ ಗುಣವಾಗಿ ಕಾಣುವುದೇ ಇಲ್ಲ. ಅದು ಕೆಲಸದಲ್ಲಿಯೇ ಕರಗಿರುತ್ತದೆ.

ನನ್ನ ಪಾಲಿಗೆ ಅಂಥ ದೊಡ್ಡ ಕೆಲಸ ಬರಲಿಲ್ಲ. ಬಂದದ್ದು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲು. ಅಲ್ಲಿ ಏಳನೆಯ ಇಯತ್ತೆಯ ತರುವಾಯ ಹುಡುಗಿಯರ ಹೆಸರುಗಳು ಹಾಜರಿ ಪುಸ್ತಕದಿಂದ ಮಾಯವಾಗುತ್ತಿದ್ದುವು. ಮನೆಮನೆಗೆ ಹೋಗಿ ಭಾಷಣ ಮಾಡಿದರೆ ಹಿರಿಯರು ಬಹು ವಿನಯದಿಂದ, “ಹೌದ್ರಿ ಸರ, ಕಳಸೂಣ್ರಿ,” ಎನ್ನುವರು. ಹುಡುಗಿ ಮಾತ್ರ ಬರಲೊಲ್ಲಳು. ಭಾಷಣವನ್ನು ಬಿಟ್ಟು ಕುಳಿತು ಕೇಳತೊಡಗಿದ ಮೇಲೆ ತಾಯಂದಿರೂ ಅಜ್ಜಿಯರೂ ಒಂದೊಂದಾಗಿ ಹೇಳಿದರು: ಮಳೆಗಾಲದಲ್ಲಿ ಹಳ್ಳ ದಾಟುವುದು ಹೇಗೆ, ಶಾಲೆಯಲ್ಲಿ ಹೆಣ್ಣುಮಕ್ಕಳು ಹೋಗಲು ಜಾಗವೆಲ್ಲಿದೆ, ಚಳಿಗಾಲದಲ್ಲಿ ಶಾಲೆ ಬಿಡುವಷ್ಟರಲ್ಲಿ ಕತ್ತಲೆ ಕವಿಯುತ್ತದಲ್ಲ. ಶಿಕ್ಷಣದ ಮೇಲೆ ಅವರಿಗೆ ವೈರವಿರಲಿಲ್ಲ, ದಾರಿಯ ಭಯವಿದ್ದಿತು. ಆಮೇಲೆ ನಡೆದದ್ದು ಯಾವ ವರದಿಯಲ್ಲಿಯೂ ಬಾರದ ಕೆಲಸಗಳು. ಊರವರ ವಂತಿಗೆಯಿಂದ ಎರಡು ಶೌಚಾಲಯಗಳು, ಕೊನೆಯ ತಾಸನ್ನು ಬೆಳಗ್ಗೆಗೆ ಸರಿಸಿ ವೇಳಾಪತ್ರಿಕೆಯ ಬದಲಾವಣೆ, ಅಡವಿಯ ವಸತಿಯ ಹುಡುಗಿಯರನ್ನು ಗುಂಪಾಗಿ ಕರೆತರಲು ಒಬ್ಬ ಅಜ್ಜಿ. ಆ ಅಜ್ಜಿಯ ವಿಷಯವಾಗಿಯೇ ಒಂದು ಲೇಖನ ಬರೆಯಬಹುದು. ಕೈಯಲ್ಲಿ ಕೋಲು ಹಿಡಿದು, ಬಾಯಲ್ಲಿ ಬೈಗುಳ ಹಿಡಿದು ಬರುವ ಅವಳ ಮುಂದೆ ದಾರಿಯಲ್ಲಿ ಒಬ್ಬ ಪುಂಡನೂ ನಿಲ್ಲುತ್ತಿರಲಿಲ್ಲ. 2006–07ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ ಉಳಿದ ದೂರವೂ ಕಿರಿದಾಯಿತು. ಸೈಕಲ್ಲಿನಿಂದಲೇ ಎಲ್ಲವೂ ಆಯಿತೆಂದು ಹೇಳುವವರೊಡನೆ ನಾನು ವಾದಿಸುವುದಿಲ್ಲ. ಆದರೆ ನಮ್ಮ ಶಾಲೆಗೆ ಸೈಕಲ್ಲು ಬಂದ ದಿನ ಅದನ್ನು ಹತ್ತಲು ಹುಡುಗಿಯರು ಎಂಟನೆಯ ತರಗತಿಯಲ್ಲಿದ್ದರು.

ಇಷ್ಟು ಹೇಳಿದ ಮೇಲೆ ತಾಳ್ಮೆಯ ಇನ್ನೊಂದು ಮುಖವನ್ನು ಮರೆಮಾಚಿದರೆ ಅನ್ಯಾಯವಾದೀತು. ನಮ್ಮ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ಅದರ ಹಿನ್ನೀರಿಗೆ ರೇಣುಕಾಸಾಗರವೆಂದು ಹೆಸರಿಟ್ಟರು. ಅದರ ಸಾಮರ್ಥ್ಯ 37.73 ಟಿಎಂಸಿ. ಅಣೆಕಟ್ಟು ಎದ್ದಿತು, ಕಾಲುವೆಗಳೂ ಬಂದುವು. ಆದರೆ ನೀರು ಸರಿಯಾಗಿ ತಲುಪದ ಹೊಲದವರಿಗೂ ಅಭಿವೃದ್ಧಿ ಕರದ ನೋಟೀಸುಗಳು ಬಂದುವು. ರೈತರು ತಾಳಿದರು, ಮನವಿ ಕೊಟ್ಟರು, ಮತ್ತೆ ತಾಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಆ ತಾಳ್ಮೆಯ ಕಟ್ಟೆ ಒಡೆದು, ಗೋಲೀಬಾರಾಗಿ ಜೀವಗಳು ಹೋದುವು. ಪ್ರತಿವರ್ಷ ಆ ದಿನ ರೈತರು ಹುತಾತ್ಮರನ್ನು ನೆನೆಯುತ್ತಾರೆ. ಬತ್ತುತ್ತ ಬಂದ ಜಲಾಶಯಕ್ಕೆ ಕಳಸಾ-ಬಂಡೂರಿ ನಾಲೆಗಳಿಂದ ನೀರು ತರಬೇಕೆಂಬ ಬೇಡಿಕೆಯು ಒಂದು ತಲೆಮಾರನ್ನೇ ದಾಟಿ ನಡೆದಿದೆ. ಮಹದಾಯಿ ನ್ಯಾಯಮಂಡಳಿಯು 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿಯ ಪಾಲನ್ನು ಗೊತ್ತುಮಾಡಿದ ತರುವಾಯವೂ ರೈತನಿಗೆ ಕೇಳಿಬಂದದ್ದು ಅದೇ ಗಾದೆ. ಒಬ್ಬ ನಾಯಕನು ತನ್ನ ಕೀರ್ತಿಯ ವಿಷಯದಲ್ಲಿ, ತನಗೆ ಸಲ್ಲಬೇಕಾದ ಮನ್ನಣೆಯ ವಿಷಯದಲ್ಲಿ, ತನ್ನನ್ನು ವಿರೋಧಿಸುವವರು ಮನಸ್ಸು ತಿರುಗಿಸುವ ವಿಷಯದಲ್ಲಿ ಎಷ್ಟು ವರ್ಷ ಬೇಕಾದರೂ ತಾಳಲಿ. ಅದು ಅವನ ಸ್ವಂತ ಗಂಟು. ಪರರ ಬಾಯಾರಿಕೆಯನ್ನು ಬಂಡವಾಳ ಮಾಡಿಕೊಂಡು ತಾಳ್ಮೆಯನ್ನು ಮೆರೆಸುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಈ ಮಾತನ್ನು ನನಗೆ ನನ್ನ ಶಿಷ್ಯೆಯೊಬ್ಬಳು ಹೇಳಿಕೊಟ್ಟಳು. ಆ ಅಜ್ಜಿಯ ಬೈಗುಳದ ಕಾವಲಿನಲ್ಲಿ ಶಾಲೆಗೆ ಬಂದವಳು. ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾದ ಮೇಲೆ ತನ್ನ ಗಂಡನ ಊರಿನಲ್ಲಿ ಅಧ್ಯಕ್ಷಳಾದವಳು. ಅವಳ ಊರಿನ ಕೆಳಗಿನ ಓಣಿಗೆ ನಳ ಹಾಕಿಸುವ ಕಾಗದವು ಒಂದು ಕಚೇರಿಯಲ್ಲಿ ಸಹಿಗಾಗಿ ಕುಳಿತಿದ್ದಿತು. ನಾನು ರೂಢಿಯಂತೆ, “ಸ್ವಲ್ಪ ತಾಳವಾ, ಆಗ್ತೈತಿ,” ಎಂದೆನು. ಆಕೆ ನಕ್ಕಳು, ನಗು ಪೂರ್ತಿ ಸೌಮ್ಯವಾಗಿರಲಿಲ್ಲ.

“ಸರ, ಆ ಓಣಿ ಹೆಣ್ಮಕ್ಳು ಹುಟ್ಟಿದಾಗಿಂದ ಕೊಡಾ ಹೊರಾಕತ್ತಾರ. ತಾಳ್ಮಿ ಅವ್ರ ಕಡೆ ಸಾಕಷ್ಟ ಐತ್ರಿ. ನಾನೂ ತಾಳತೇನಿ, ಆದ್ರ ಮನ್ಯಾಗ ಕುಂತಲ್ಲ. ಆ ಸಾಹೇಬ್ರ ಟೇಬಲ್ ಮುಂದ ಕುಂತು ತಾಳತೇನಿ. ಒಂಬತ್ತರ ಬಸ್ಸಿಗೆ ಹೊಂಟೇನ್ರಿ.”

ಅಂದು ಸಂಜೆಯವರೆಗೆ ಕುಳಿತರೂ ಸಹಿಯಾಗಲಿಲ್ಲವಂತೆ. ಮರುದಿನ ಓಣಿಯ ನಾಲ್ಕಾರು ಹೆಂಗಸರನ್ನು ಖಾಲಿ ಕೊಡಗಳ ಸಮೇತ ಕರೆದುಕೊಂಡು ಹೋಗಿ, ಕೂಗಾಡದೆ, ಘೋಷಣೆ ಹಾಕದೆ, ಕಚೇರಿಯ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿದಳು. ಮಧ್ಯಾಹ್ನದ ಊಟದ ಬಿಡುವಿಗೆ ಮೊದಲೇ ಸಹಿಯಾಯಿತು.